ನಿಮ್ಮ ಲೇಖನ ಹನ್ನೊಂದನೇ ಪ್ಯಾರಾದಲ್ಲಿ ಶುರುವಾಗುತ್ತದೆ

ಪ್ರಿಯ ಗೆಳೆಯರೆ,

ಶಾಪಗಳೆಂಬ ಪಿಶಾಚಿಗಳ ಜೊತೆ ಮಾಂತ್ರಿಕರು ಹೊಡೆದಾಡುವ ಜಪಾನಿ ಆ್ಯನಿಮೇಷನ್ ಸರಣಿ ‘ಜುಜುತ್ಸು ಕೈಸೆನ್’ನ ಎರಡನೇ ಸೀಸನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಒಂದು ಸಾಲಿನ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಕಾರಣ, ಹನ್ನೊಂದನೇ ಪ್ಯಾರಾದಲ್ಲಿ ನೀವು ಬರೆದಿರುವ ಈ ಮೂರು ವಾಕ್ಯ:

“ನಾನಾಮಿ ಸಾಯುವ ಕಂತು ನೋಡುವಾಗ ರಾತ್ರಿ ಹನ್ನೊಂದೂವರೆ. ಅಪ್ಪ ಓಟಿ ಮುಗಿಸಿ ಬಂದು ಬಾಗಿಲ ಹತ್ತಿರ ಕೂತು ಶೂ ಬಿಚ್ಚುತ್ತಿದ್ದರು. ಒಂದು ಶೂ ಬಿಚ್ಚಿ, ಇನ್ನೊಂದು ಕಾಲಲ್ಲೇ ಇದ್ದ ಹಾಗೆ ಟಿವಿ ನೋಡುತ್ತಾ, ಇವನ್ಯಾರೋ ಅಂತ ಕೇಳಿದರು.”

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಆದರೆ ಮುಂದಿನ ಸಾಲಿನಲ್ಲೇ ನೀವು “ಇನ್ನು ಆ್ಯಕ್ಷನ್ ವಿಷಯಕ್ಕೆ ಬಂದರೆ” ಎಂದು ಓಡಿಬಿಟ್ಟಿದ್ದೀರಿ. ಅಪ್ಪ ಬಾಗಿಲಲ್ಲೇ ಉಳಿದರು.

ಮೊದಲ ಹತ್ತು ಪ್ಯಾರಾ ಏನು ಮಾಡುತ್ತಿವೆ ಎಂದು ನೋಡಿದೆ. ಇಪ್ಪತ್ತಮೂರು ಕಂತುಗಳ ಕಥೆ ಹೇಳುತ್ತಿವೆ. ಸೀಸನ್ ನೋಡಿದವರಿಗೆ ಅದು ಬೇಡ, ನೋಡದವರಿಗೆ ಅದು ತಲೆಗೆ ಹತ್ತುವುದಿಲ್ಲ. ಮೊದಲ ಪ್ಯಾರಾ ಒಂದರಲ್ಲೇ ಹದಿನಾಲ್ಕು ಜಪಾನಿ ಹೆಸರುಗಳಿವೆ. “ಮೈ ಜುಮ್ಮೆಂದಿತು” ಆರು ಕಡೆ ಬಂದಿದೆ. ನಿಮ್ಮ ಮೈ ಜುಮ್ಮೆಂದದ್ದು ನಿಜವೇ ಇರಬಹುದು, ಆದರೆ ಅದನ್ನು ಹೇಳಿದ ಮಾತ್ರಕ್ಕೆ ಓದುವವರ ಮೈ ಜುಮ್ಮೆನ್ನುವುದಿಲ್ಲ. ನೀವು ಕಂಡದ್ದನ್ನು ಅವರಿಗೂ ಕಾಣಿಸಬೇಕು.

ಒಂದು ವಿಷಯದಲ್ಲಿ ನಿಮ್ಮ ಜೊತೆ ಜಗಳವೇ ಇದೆ. ಮೊದಲ ಐದು ಕಂತುಗಳನ್ನು “ನಿಧಾನ, ಬಿಟ್ಟು ನೋಡಿದರೂ ನಡೆಯುತ್ತೆ” ಎಂದಿದ್ದೀರಿ. ನಡೆಯುವುದಿಲ್ಲ. ಟೋಕಿಯೋದ ಶಿಬುಯಾದಲ್ಲಿ, ಎಲ್ಲರಿಗಿಂತ ಬಲಶಾಲಿ ಮಾಂತ್ರಿಕನಾದ ಗೊಜೊ ಮಂತ್ರದ ಪೆಟ್ಟಿಗೆಯೊಂದರಲ್ಲಿ ಸೆರೆಯಾಗುವುದು ಹೇಗೆ ಎಂದು ನೆನಪಿಸಿಕೊಳ್ಳಿ. ಆ ಪೆಟ್ಟಿಗೆ ಅವನನ್ನು ನುಂಗಬೇಕಾದರೆ ಅದರಿಂದ ನಾಲ್ಕು ಮೀಟರ್ ದೂರದೊಳಗೆ ಅವನು ಒಂದು ನಿಮಿಷ ನಿಲ್ಲಬೇಕು. ಅವನಂಥವನನ್ನು ಒಂದು ನಿಮಿಷ ನಿಲ್ಲಿಸುವವರು ಯಾರು? ಅಷ್ಟರಲ್ಲಿ ಎದುರಿಗೆ ಸತ್ತ ಗೆಳೆಯ ಗೆಟೊನ ಮುಖ ಕಾಣುತ್ತದೆ. ಇಬ್ಬರೂ ಕೂಡಿ ಕಳೆದ ಮೂರು ವರ್ಷ ಗೊಜೊನ ತಲೆಯಲ್ಲಿ ಹಾದು ಹೋಗುತ್ತವೆ. ಹೊರಗೆ ಕ್ಷಣವಷ್ಟೇ ಕಳೆದಿದೆ, ತಲೆಯೊಳಗೆ ನಿಮಿಷ ದಾಟಿದೆ. ಪೆಟ್ಟಿಗೆಗೆ ಅಷ್ಟೇ ಸಾಕು. ಆ ಮೂರು ವರ್ಷದ ಕಥೆಯೇ ಮೊದಲ ಐದು ಕಂತು. ಅವನ್ನು ನೋಡದವನಿಗೆ ಗೊಜೊ ಯಾಕೆ ಮರವಟ್ಟು ನಿಂತ ಎನ್ನುವುದೇ ಗೊತ್ತಾಗುವುದಿಲ್ಲ.

ನಿಮ್ಮ ಲೇಖನ ಓದಿದ ಮೇಲೆ ಆ ಐದು ಕಂತುಗಳನ್ನು ಮತ್ತೆ ನೋಡಿದೆ. ಮೂರನೇ ಕಂತಿನಲ್ಲಿ, ಬಲಿಯಾಗಲು ಒಪ್ಪಿದ್ದ ರಿಕೊ ಎಂಬ ಹುಡುಗಿ ಕೊನೆಗೂ ಬದುಕಬೇಕು ಎಂದುಕೊಳ್ಳುತ್ತಾಳೆ. ಗೆಟೊ ಕೈ ಚಾಚುತ್ತಾನೆ, ಅವಳು ನಕ್ಕು ಹ್ಞೂಂ ಎನ್ನುತ್ತಾಳೆ, ಗುಂಡು ಬೀಳುತ್ತದೆ. ಆಮೇಲೆ ಅವಳ ಹೆಣ ಹೊತ್ತು ನಿಂತ ಗೊಜೊನ ಸುತ್ತ ಜನ ನಗುನಗುತ್ತಾ ಚಪ್ಪಾಳೆ ತಟ್ಟುತ್ತಾರೆ. ಐದನೇ ಕಂತಿನಲ್ಲಿ ಗೆಟೊ ಸ್ನಾನ ಮಾಡುತ್ತಾ ನಿಂತಿದ್ದಾಗ ಶವರಿನ ನೀರು ಬೀಳುವ ಸದ್ದು ಅದೇ ಚಪ್ಪಾಳೆಯಾಗಿ ಕೇಳುತ್ತದೆ. ಅವನು ಶಾಪಗಳನ್ನು ಉಂಡೆ ಕಟ್ಟಿ ನುಂಗಬೇಕು, ಪ್ರತಿ ಉಂಡೆಯೂ ವಾಂತಿ ಒರೆಸಿದ ಬಟ್ಟೆಯಂಥ ರುಚಿ. ಯಾರಿಗಾಗಿ ಇದನ್ನೆಲ್ಲ ನುಂಗುತ್ತಿದ್ದೇನೆ ಎಂಬ ಪ್ರಶ್ನೆ ಅವನಲ್ಲಿ ಹುಟ್ಟಿದ ಮೇಲೆ 112 ಜನರಿದ್ದ ಹಳ್ಳಿ ಉಳಿಯುವುದಿಲ್ಲ. ಒಳ್ಳೆಯವನೊಬ್ಬ ಕೊಲೆಗಾರನಾದದ್ದನ್ನು ಶವರಿನ ಸದ್ದಿನಲ್ಲಿ ಹೇಳಿದ್ದಾರೆ. ನಿಧಾನ ಎನ್ನುವ ಮುಂಚೆ ಒಮ್ಮೆ ಕಿವಿಗೊಟ್ಟು ಕೇಳಿ.

ಈಗ ಕಟುವಾದ ಮಾತು. ಶಾಪಗಳ ರಾಜ ಸುಕುನಾ ಮತ್ತು ದೈತ್ಯ ಮಹೋರಗ ಹೊಡೆದಾಡುವ ಸೀಸನ್‌ನ ಹದಿನೇಳನೇ ಕಂತಿನ ಬಗ್ಗೆ “ಕೆಲವು ಕಡೆ ಚಿತ್ರ ಅರೆಬರೆ, ಆರ್ಟಿಸ್ಟುಗಳು ಸೋಮಾರಿಗಳಾಗಿದ್ದಾರೆ” ಎಂದು ಬರೆದಿದ್ದೀರಿ. ಚಿತ್ರ ಅರೆಬರೆ ಅನ್ನಿಸಿದ್ದರೆ ಅದು ನಿಮ್ಮ ಅಭಿಪ್ರಾಯ, ಇರಲಿ. ಸೋಮಾರಿಗಳು ಎನ್ನುವ ಪದ ಮಾತ್ರ ಅನ್ಯಾಯ. ಆ ಕಂತು ಬಂದದ್ದು 2023ರ ನವೆಂಬರ್‌ನಲ್ಲಿ. ಆಗಲೇ ಈ ಸೀಸನ್‌ಗೆ ದುಡಿದ ಕೆಲವು ಆ್ಯನಿಮೇಟರ್‌ಗಳು ತಮಗೆ ಸಿಕ್ಕ ಸಮಯ ಎಷ್ಟೂ ಸಾಲದಾಯಿತು ಎಂದು ಸೋಷಿಯಲ್ ಮೀಡಿಯಾದಲ್ಲಿ ಬಹಿರಂಗವಾಗಿಯೇ ಬರೆದುಕೊಂಡಿದ್ದರು. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮು ಓಡುತ್ತವೆ. ಎರಡು ಅಥವಾ ಮೂರು ಫ್ರೇಮಿಗೆ ಒಂದೇ ಚಿತ್ರ ಹಿಡಿದರೂ ಒಂದು ಸೆಕೆಂಡಿಗೆ 8ರಿಂದ 12 ಚಿತ್ರ ಬೇಕು, ಅದೂ ಕೈಯಲ್ಲಿ ಬರೆದದ್ದು. ನೀವು ಉಸಿರು ಬಿಗಿಹಿಡಿದು ನೋಡಿದ ಹತ್ತು ಸೆಕೆಂಡು ಯಾರದೋ ಹಲವು ರಾತ್ರಿಗಳ ನಿದ್ದೆ. ಅಪ್ಪನ ಓಟಿ ಬಗ್ಗೆ ಅಷ್ಟು ಮೆತ್ತಗೆ ಬರೆದ ಕೈ ಇವರ ಓಟಿಯನ್ನು ಕಾಣಲಿಲ್ಲವಲ್ಲ ಎಂದು ಬೇಸರವಾಯಿತು.

ನಿಮ್ಮ ಲೇಖನ ಇರುವುದು ಇಲ್ಲೇ. ನಾನಾಮಿ ಯಾರು? ಜುಜುತ್ಸು ಎಂಬ ಮಾಂತ್ರಿಕ ವೃತ್ತಿ ಬಿಟ್ಟು ಕಂಪನಿ ಕೆಲಸಕ್ಕೆ ಸೇರಿ, ಬೇಕರಿಯ ಹುಡುಗಿಯೊಬ್ಬಳ ಭುಜದ ಮೇಲಿದ್ದ ಶಾಪವನ್ನು ಓಡಿಸಿದ್ದಕ್ಕೆ ಅವಳು ಕೂಗಿ ಹೇಳಿದ ಥ್ಯಾಂಕ್ಸ್ ಕೇಳಿ ವಾಪಸು ಬಂದವನು. ಸೂಟು ಹಾಕಿಕೊಂಡು, ಟೈ ಬಿಚ್ಚಿ ಮುಷ್ಟಿಗೆ ಸುತ್ತಿಕೊಂಡು ಹೊಡೆಯುವವನು. ಕೆಲಸದ ಸಮಯ ಮುಗಿದ ಮೇಲೆ, ಇನ್ನು ಓವರ್‌ಟೈಮ್ ಎಂದು ಹೇಳಿ ಶಕ್ತಿ ಹೆಚ್ಚಿಸಿಕೊಳ್ಳುವವನು. ಶಿಬುಯಾದ ನೆಲಮಾಳಿಗೆಯಲ್ಲಿ ಅರ್ಧ ಮೈ ಸುಟ್ಟು ಕರಕಲಾಗಿ ನಡೆಯುವಾಗ ಅವನು ಮಲೇಷ್ಯಾದ ಕುವಾಂತನ್ ಕಡಲ ತೀರವನ್ನು ನೆನೆಯುತ್ತಾನೆ. ಅಲ್ಲೊಂದು ಮನೆ ಕಟ್ಟಿಸಿ, ಕೊಂಡು ಓದದೇ ಬಿಟ್ಟ ಪುಸ್ತಕಗಳನ್ನು ಒಂದೊಂದೇ ಪುಟ ಓದಬೇಕು. ನೀಲಿ ನೀರು ಒಂದು ಕ್ಷಣ ತುಂಬಿಕೊಳ್ಳುತ್ತದೆ, ಮರುಕ್ಷಣ ಎದೆಯ ಮೇಲೆ, ಮುಟ್ಟಿಯೇ ಕೊಲ್ಲುವ ಶಾಪ ಮಹಿತೊನ ಕೈ. ದುಡಿಯುವವರಿಗೆಲ್ಲ ಇಂಥದ್ದೊಂದು ಕುವಾಂತನ್ ಇರುತ್ತದೆ, ರಿಟೈರ್ ಆದ ಮೇಲೆ ಎಂದು ಎತ್ತಿಟ್ಟದ್ದು. ನಿಮ್ಮ ತಂದೆಯವರದು ಯಾವುದು, ಕೇಳಿದ್ದೀರಾ?

ನಾನಾಮಿ, ನಿಮ್ಮ ತಂದೆ, ಆ ಚಿತ್ರ ಬರೆದವರು: ಹೊತ್ತು ಮೀರಿ ದುಡಿದವರು ಮೂವರೂ ನಿಮ್ಮ ಲೇಖನದಲ್ಲಿ ಇದ್ದಾರೆ. ಬೇರೆ ಬೇರೆ ಪ್ಯಾರಾದಲ್ಲಿ, ಒಬ್ಬರಿಗೊಬ್ಬರು ಪರಿಚಯವಿಲ್ಲದೆ ಕೂತಿದ್ದಾರೆ. ಅವರನ್ನು ಒಂದೇ ಕೋಣೆಗೆ ಕರೆತನ್ನಿ.

ಭಾಷೆಯ ಬಗ್ಗೆ ಒಂದೆರಡು ಮಾತು. ಗೊಜೊನ ಹೆಸರನ್ನು ಮೂರು ಥರ ಬರೆದಿದ್ದೀರಿ, ಒಂದನ್ನು ಹಿಡಿದುಕೊಳ್ಳಿ. ‘ಮಹೊರಾಗಾ’ ಎಂದು ಇಂಗ್ಲಿಷ್ ಸಬ್‌ಟೈಟಲ್‌ನಿಂದ ಎತ್ತಿಕೊಂಡಿದ್ದೀರಿ. ಅದು ಸಂಸ್ಕೃತದ ಮಹೋರಗ, ಮಹಾ ಮತ್ತು ಉರಗ ಸೇರಿ ಆದ ಗುಣಸಂಧಿ, ಬೌದ್ಧ ಗ್ರಂಥಗಳಲ್ಲಿ ಬರುವ ಮಹಾಸರ್ಪ. ಅದರ ತಲೆಯ ಮೇಲೆ ತಿರುಗುವ ಚಕ್ರ ಧರ್ಮಚಕ್ರವನ್ನು ನೆನಪಿಸುವುದನ್ನೂ ನೋಡಿ. ನಮ್ಮ ಓದುಗರಿಗೆ ಗೊತ್ತಿರುವ ಪದವನ್ನು ಪರಕೀಯ ಮಾಡಿ ಕೊಡಬೇಡಿ.

‘ಶಾಪ’ ಇನ್ನೂ ಕಷ್ಟದ ಪದ. ಕನ್ನಡದಲ್ಲಿ ಶಾಪ ಎಂದರೆ ಸಿಟ್ಟಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಹಾಕುವುದು. ಈ ಕಥೆಯಲ್ಲಿ ಅದು ಮನುಷ್ಯರ ಭಯ, ದ್ವೇಷ, ಸಂಕಟ ಸೋರಿ ತಾನಾಗಿ ರೂಪ ತಳೆಯುವುದು. ನಮ್ಮಲ್ಲಿ ನೊಂದವರ ನಿಟ್ಟುಸಿರು ತಟ್ಟುತ್ತದೆ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಶಾಪ ಎಂಬ ಪದವನ್ನೇ ಬಳಸಿ, ಆದರೆ ಒಮ್ಮೆ ಹೀಗೆ ಬಿಡಿಸಿ ಹೇಳಿ. ಆಗ ನಾನಾಮಿಯ ಕೊನೆಯ ಗಳಿಗೆ ಓದುಗರಿಗೆ ತಾನಾಗಿ ತೆರೆದುಕೊಳ್ಳುತ್ತದೆ. ಸತ್ತ ಸ್ನೇಹಿತ ಹೈಬರಾ ಕಣ್ಣಮುಂದೆ ಬಂದು, ಕಥೆಯ ನಾಯಕನಾದ ಹುಡುಗ ಇತಾದೊರಿಯ ಕಡೆ ಬೆರಳು ತೋರಿಸುತ್ತಾನೆ. ಬೇಡ, ನಾನೇನಾದರೂ ಹೇಳಿದರೆ ಈ ಹುಡುಗನಿಗೆ ಅದೇ ಶಾಪವಾಗುತ್ತದೆ ಎಂದು ನಾನಾಮಿಗೆ ಗೊತ್ತು. ಗೊತ್ತಿದ್ದೂ ಹೇಳುತ್ತಾನೆ: ಮುಂದಿನದು ನಿನ್ನ ಪಾಲಿಗೆ. ಸಾಯುವವರು ಭಾಷೆ ತೆಗೆದುಕೊಂಡು ಹೋದರೆ ಉಳಿದವರ ಗತಿ ಏನಾಗುತ್ತದೆ ಎನ್ನುವುದು ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತು. ನೀವು ಈ ದೃಶ್ಯಕ್ಕೆ ಕೊಟ್ಟಿರುವುದು “ತುಂಬಾ ಎಮೋಷನಲ್” ಎಂಬ ಎರಡು ಪದ.

ಸಾವಿರ ಪದಗಳೊಳಗೆ ಮತ್ತೆ ಬರೆಯಿರಿ. ಕಥಾಸಾರಕ್ಕೆ ಐದು ವಾಕ್ಯ ಸಾಕು. ಜುಲೈನಿಂದ ಡಿಸೆಂಬರ್‌ವರೆಗೆ ವಾರವಾರ ಕಾದು ನೋಡಿದ ನಿಮ್ಮ ಪ್ರೀತಿ ಎಲ್ಲೂ ಸುಳ್ಳಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. ರೇಟಿಂಗ್ ಬೇಡ, “ಬೆಂಕಿ” ಬೇಡ. ಶೂ ಬಿಚ್ಚುವಲ್ಲಿಂದ ಆರಂಭಿಸಿ. ತಿದ್ದಿ ಕಳಿಸಿದರೆ ನಾನೇ ಓದುತ್ತೇನೆ.

ಇವನ್ಯಾರೋ ಎಂದು ಅಪ್ಪ ಕೇಳಿದರಲ್ಲ, ನೀವು ಏನು ಹೇಳಿದಿರಿ?

ನಿಮ್ಮ,
ಸಂಪಾದಕ