ಸ್ಟುಟ್‌ಗಾರ್ಟ್‌ನಿಂದ ಪುಣೆಗೆ ಬರುವ ತಂಗಿಗೆ

ತಂಗೀ,

ಗದಗಿನವಳು, ಆರು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೀಯ, ಮಗಳು ಮೂರನೇ ಕ್ಲಾಸು, ಪುಣೆಯ ಹಿಂಜವಡಿಯಲ್ಲಿ ನಿನಗೊಂದು ನೌಕರಿ ಹೆಚ್ಚುಕಡಿಮೆ ಗಟ್ಟಿಯಾಗಿದೆ. "ವಾಪಸ್ ಬಂದ ಮೇಲೆ ಹೊಂದಿಕೊಳ್ಳೋದು ಎಷ್ಟು ಕಷ್ಟ ಅಕ್ಕಾ?" ಅಂತ ಕೇಳಿದ್ದೀಯ. ನಾನೂ ಅಲ್ಲಿಂದಲೇ ಬಂದು ಪುಣೆಯಲ್ಲಿ ನೆಲೆಯಾದ ಧಾರವಾಡದವಳು. ಗೊತ್ತಿದ್ದಷ್ಟು ಹೇಳುತ್ತೇನೆ.

ಗದಗಿನವಳಿಗೆ ಪುಣೆ ವಾಪಸ್ ಬರುವ ಊರಲ್ಲ, ಇದು ನಿನ್ನ ಮೂರನೇ ಊರು. ಜರ್ಮನಿಗೆ ಹೋದಾಗ ಏನು ಮಾಡಿದ್ದೆ? ಮೊದಲು ಕಾಗದಪತ್ರ ಸರಿ ಮಾಡಿಕೊಂಡೆ, ಭಾಷೆ ಕಲಿತೆ, ಅಲ್ಲಿಯವರು ನಮ್ಮ ಹಾಗಿಲ್ಲ ಅಂತ ಸಿಟ್ಟಾಗಲಿಲ್ಲ. ಇಲ್ಲಿಗೂ ಹಾಗೇ ಬಾ. ನಾನು ಕಂಡಂತೆ, "ನಮ್ಮ ದೇಶ, ಎಲ್ಲ ಗೊತ್ತಿದ್ದದ್ದೇ" ಅಂತ ಬಂದವರೇ ಆರು ತಿಂಗಳಲ್ಲಿ ಹೈರಾಣಾಗಿ ಮತ್ತೆ ವೀಸಾ ಹುಡುಕುತ್ತಾರೆ.

ಮನೆ ವಿಷಯ. ಮಹಾರಾಷ್ಟ್ರದಲ್ಲಿ ಬಾಡಿಗೆಯ ಲೀವ್ ಅಂಡ್ ಲೈಸೆನ್ಸ್ ಕರಾರು 11 ತಿಂಗಳದ್ದೇ ಆಗಲಿ, ನೋಂದಣಿ ಕಡ್ಡಾಯ. 1999ರ ಬಾಡಿಗೆ ಕಾಯ್ದೆಯಲ್ಲೇ ಇದೆ. ಏಜೆಂಟನ ಹುಡುಗ ಲ್ಯಾಪ್‌ಟಾಪು, ಹೆಬ್ಬೆಟ್ಟಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ. ನನ್ನ ಹೆಬ್ಬೆಟ್ಟು ಎಷ್ಟು ಒತ್ತಿದರೂ ಆಧಾರ್‌ಗೆ ಹೊಂದಲಿಲ್ಲ. ಕೊನೆಗೆ ಅವನು, "ತಲೆಗೂದಲಿಗೆ ತಿಕ್ಕಿ ಒತ್ತಿ" ಅಂದ. ಎಣ್ಣೆ ಹಚ್ಚಿದ ತಲೆ, ಒಂದೇ ಏಟಿಗೆ ಹಸಿರು ದೀಪ! ಬರುವ ಮೊದಲೇ ನಿನ್ನ, ನಿನ್ನ ಗಂಡನ ಆಧಾರ್, ಅದಕ್ಕೆ ಜೋಡಿಸಿದ ಇಲ್ಲಿಯ ಮೊಬೈಲ್ ನಂಬರು ಚಾಲ್ತಿಯಲ್ಲಿವೆಯೇ ನೋಡಿಕೋ. ಓಟಿಪಿ ಬಾರದಿದ್ದರೆ ಈ ದೇಶದಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಇನ್ನು ನೀರು. ಬಾಣೇರ್, ಬಾಲೇವಾಡಿ, ವಾಕಡ ಕಡೆ ಮನೆ ನೋಡುವಾಗ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ ಅಂತ ವಾಚ್‌ಮನ್‌ನನ್ನು ಕೇಳು. ಏಜೆಂಟನನ್ನು ಕೇಳಿ ಪ್ರಯೋಜನವಿಲ್ಲ. ಆಫೀಸು ಹಿಂಜವಡಿಯಾದರೆ ಮನೆಯೂ ಆ ಕಡೆಗೇ ಇರಲಿ, ದೂರದ ಕೋಥ್ರೂಡಿನ ಗಿಡಮರ ನೋಡಿ ಮರುಳಾಗಬೇಡ.

ನಿಜವಾದ ಪೆಟ್ಟು ಬೀಳುವುದು ಆಫೀಸಿನಲ್ಲಿ. ಜರ್ಮನಿಯಲ್ಲಿ ಹೆಚ್ಚು ದುಡಿದ ತಾಸು ಲೆಕ್ಕಕ್ಕೆ ಸೇರಿ ರಜೆಯಾಗಿ ಕೈಗೆ ಬರುತ್ತಿತ್ತು, ಇಲ್ಲಿ ಆ ಲೆಕ್ಕವೇ ಇಲ್ಲ. ಮೇಲಾಗಿ ನಿನ್ನ ಟೀಮಿನ ಅರ್ಧ ಜನ ಜರ್ಮನಿಯಲ್ಲೇ ಇರುತ್ತಾರೆ. ಅವರು ಸಂಜೆ ನಾಲ್ಕಕ್ಕೆ ಇಟ್ಟ ಮೀಟಿಂಗು ನಮಗೆ ಬೇಸಿಗೆಯಲ್ಲಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಅಲ್ಲಿದ್ದಾಗ ಆ ಮೀಟಿಂಗು ಮುಗಿಸಿ ಮನೆಗೆ ಹೊರಡುತ್ತಿದ್ದವಳು ನೀನೇ ಅಲ್ಲವೇ!

ಮಾತಿನ ರೀತಿಯೂ ಬೇರೆ. ಸೇರಿದ ಹೊಸದರಲ್ಲಿ ಒಂದು ರಿವ್ಯೂನಲ್ಲಿ, "ಈ ತಾರೀಖಿಗೆ ಆಗೋದಿಲ್ಲ, ಮೂರು ವಾರ ಬೇಕು" ಅಂದೆ. ಅಲ್ಲಿ ಹಾಗೆ ಹೇಳುವುದೇ ಕೆಲಸ. ಇಲ್ಲಿ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್ ನೋಡತೊಡಗಿದರು. ಆಮೇಲೆ ಚಹಾದ ಗಾಡಿ ಹತ್ತಿರ ವಿಜಯಪುರದ ಸಹೋದ್ಯೋಗಿಯೊಬ್ಬರು, "ಮೀಟಿಂಗಿಗೆ ಮೊದಲ ಸಾಹೇಬ್ರ ಕ್ಯಾಬಿನ್ನಿಗೆ ಹೋಗಿ ಹೇಳ್ಬೇಕ್ರೀ ಮೇಡಂ, ಎಲ್ಲಾರ ಮುಂದ ಅಲ್ಲ" ಅಂದರು. ಅವರು ಹೇಳಿದಂತೆ ಮಾಡುತ್ತ ಬಂದಿದ್ದೇನೆ. ಮೂರು ವಾರ ಕೇಳಿದರೆ ಎರಡಾದರೂ ಸಿಗುತ್ತವೆ. ಇದನ್ನು ಅಪ್ರಾಮಾಣಿಕತೆ ಅಂತ ತಿಳಿಯಬೇಡ, ಇಲ್ಲಿ ನಿರ್ಧಾರ ಆಗುವ ಜಾಗ ಬೇರೆ, ಅಷ್ಟೇ. ಆದರೆ ಭಾನುವಾರದ ವಾಟ್ಸಾಪ್ ಮೆಸೇಜಿಗೆ ನಾನು ಇವತ್ತಿಗೂ ಉತ್ತರ ಕೊಡುವುದಿಲ್ಲ. ಮೊದಲ ತಿಂಗಳೇ ಆ ರೂಢಿ ಹಾಕಿಬಿಡು, ಆಮೇಲೆ ಹಾಕಲು ಬರುವುದಿಲ್ಲ.

ಸಂಬಳದ ಮಾತು ಬಂದಾಗ ಸಿಟಿಸಿ, ಅಂದರೆ ನಿನ್ನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ನೋಡಿ ಹಿಗ್ಗಬೇಡ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಕೆಲಸ ನೋಡಿ ಕೊಡುವ ವೇರಿಯಬಲ್ ಎಲ್ಲ ಅದರಲ್ಲೇ ಸೇರಿರುತ್ತವೆ. ತಿಂಗಳಿಗೆ ಕೈಗೆ ಎಷ್ಟು ಅಂತ ಬರೆಸಿಕೋ. ಆಫೀಸಿನ ವಿಮೆ ನೌಕರಿ ಇರುವ ತನಕ ಮಾತ್ರ. ನಿಮ್ಮದೇ ಒಂದು ಆರೋಗ್ಯ ವಿಮೆ ಬಂದ ತಿಂಗಳೇ ಮಾಡಿಸಿ, ಯಾಕೆಂದರೆ ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಬಂದ ಮೇಲೆ ಅನಿವಾಸಿಗಳ ಎನ್‌ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಸಾಮಾನ್ಯ ಖಾತೆ ಅಥವಾ ವಿದೇಶಿ ಹಣವನ್ನೇ ಇಡಬಹುದಾದ ಆರ್‌ಎಫ್‌ಸಿ ಖಾತೆಗೆ ಬದಲಿಸಬೇಕು. ಹಿಂದಿನ 7 ವರ್ಷದಲ್ಲಿ ನೀನು ಭಾರತದಲ್ಲಿದ್ದ ದಿನ 729 ಮೀರಿರದಿದ್ದರೆ ತೆರಿಗೆಯ ಲೆಕ್ಕದಲ್ಲಿ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಅನ್ನುವ ಸ್ಥಾನ ಸಿಗುತ್ತದೆ, ಜರ್ಮನಿಯಲ್ಲಿರುವ ಹಣದ ಬಡ್ಡಿಗೆ ಆ ಅವಧಿಯಲ್ಲಿ ಇಲ್ಲಿ ತೆರಿಗೆ ಇಲ್ಲ. ಪಾಸ್‌ಪೋರ್ಟಿನ ಠಸ್ಸೆ ಎಣಿಸು. ಆ ಅವಧಿ ಮುಗಿದ ಮೇಲೆ ಜರ್ಮನಿಯ ಖಾತೆಗಳನ್ನು ತೆರಿಗೆ ರಿಟರ್ನ್‌ನಲ್ಲಿ ತೋರಿಸಲೇಬೇಕು, ಮರೆತವರಿಗೆ 2015ರ ಕಪ್ಪುಹಣ ಕಾಯ್ದೆ ಕಾದಿದೆ. ಅಲ್ಲಿಯ ಪಿಂಚಣಿಗೆ 60 ತಿಂಗಳು ತುಂಬಿದ್ದರಿಂದ ನಿನಗೆ ಕಟ್ಟಿದ ಹಣ ಈಗ ವಾಪಸ್ ಸಿಗುವುದಿಲ್ಲ, 67ಕ್ಕೆ ಪಿಂಚಣಿ ಬರುತ್ತದೆ. ಆ ಕಾಗದ ಜೋಪಾನ. ಹೊರಡುವಾಗ ಅಬ್‌ಮೆಲ್ಡುಂಗ್, ಅಂದರೆ ಅಲ್ಲಿಯ ವಿಳಾಸದ ನೋಂದಣಿ ರದ್ದು, ಮಾಡಿಸುವುದನ್ನು ಮರೆಯಬೇಡ.

ಮಗಳಿಗೆ ಮರಾಠಿ ತಪ್ಪುವುದಿಲ್ಲ. ಮರಾಠಿ ಕಡ್ಡಾಯ ಮಾಡಿದ ಮಹಾರಾಷ್ಟ್ರದ 2020ರ ಕಾಯ್ದೆ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಿಗೂ ಅನ್ವಯಿಸುತ್ತದೆ. ಹೆದರಬೇಡ, ಲಿಪಿಗೆ ಎರಡು ತಿಂಗಳು ಸಾಕು. ಮಕ್ಕಳು ಕೆಳಗೆ ಆಡುತ್ತ ಉಳಿದದ್ದನ್ನು ಕಲಿಯುತ್ತಾರೆ. ನೀನೇ ಹಿಂದೆ ಬೀಳುತ್ತೀಯ. ಕನ್ನಡಕ್ಕೆ ಗಣೇಶನಗರದ ಕನ್ನಡ ಸಂಘ ಇದೆ, ಹಬ್ಬಕ್ಕೆ, ನಾಟಕಕ್ಕೆ ಕರೆದುಕೊಂಡು ಹೋಗು.

ಯಾರೂ ಮೊದಲೇ ಹೇಳದ ವಿಷಯವೆಂದರೆ ನೆಂಟರು. ಸ್ಟುಟ್‌ಗಾರ್ಟ್‌ನಲ್ಲಿ ಇದ್ದಾಗ ಮದುವೆಗೆ ಬರದಿದ್ದರೆ, "ಪಾಪ, ಅಷ್ಟು ದೂರ" ಅನ್ನುತ್ತಿದ್ದರು. ಪುಣೆ ಅಂದರೆ ನಾಲ್ಕು ನೂರು ಕಿಲೋಮೀಟರ್ ಚಿಲ್ಲರೆ. ಸೀಮಂತ, ಜವಳ, ಗೃಹಪ್ರವೇಶ, ಸೋದರತ್ತೆಯ ನಾದಿನಿಯ ಮಗನ ಮುಂಜಿ, ಎಲ್ಲಕ್ಕೂ ಫೋನು. "ಇಲ್ಲೇ ಇದ್ದೀರಲ್ಲ, ಒಂದ್ ರಾತ್ರಿ ಬಸ್ಸು!" ಸ್ವಾರಗೇಟಿನಿಂದ ಹುಬ್ಬಳ್ಳಿ ಬಸ್ಸು ಇದೆ, 2024ರಿಂದ ವಂದೇ ಭಾರತ್ ಕೂಡ ಇದೆ, ಅದು ಅವರಿಗೂ ಗೊತ್ತು. ಮೊದಲ ವರ್ಷ ಎಲ್ಲದಕ್ಕೂ ಓಡಿದವರು ಎರಡನೇ ವರ್ಷ ಹೋಗಲಾಗದಿದ್ದಾಗ ಎಲ್ಲರ ಬಾಯಲ್ಲೂ ಸೊಕ್ಕಿನವರಾಗುತ್ತಾರೆ. ಹಾಗಾಗಿ ನಾಗರ ಪಂಚಮಿ, ದೀಪಾವಳಿ, ತವರಿನ ಜಾತ್ರೆ, ಇಷ್ಟಕ್ಕೆ ಮಾತ್ರ ಬರುತ್ತೇವೆ ಅಂತ ಮೊದಲೇ ಹೇಳಿಬಿಡು. ಅತ್ತೆಯವರಿಗೆ ನೀನಲ್ಲ, ನಿನ್ನ ಗಂಡ ಹೇಳಲಿ.

ಡಿಶ್‌ವಾಷರ್ ತರಬೇಕೇ ಅಂತ ಕೊನೆಗೆ ಕೇಳಿದ್ದೀಯ. ವೋಲ್ಟೇಜು ಅದೇ 230, ಪ್ಲಗ್ ಬದಲಿಸಿದರೆ ಓಡುತ್ತದೆ. ಆದರೆ ಟ್ಯಾಂಕರಿನ ಗಡಸು ನೀರಿಗೆ ಎಷ್ಟು ದಿನ ತಡೆದೀತು? ಅಲ್ಲೇ ಮಾರಿಬಿಡು. ಬಾಡಿಗೆ ಮನೆ ಹುಡುಕುವ ಮುನ್ನ ಆಫೀಸಿನ ಪಿನ್‌ಕೋಡ್ ಕಳಿಸು, ಆ ಸುತ್ತಿನ ಶಾಲೆಗಳ ಪಟ್ಟಿ ನನ್ನ ಹತ್ತಿರ ಇದೆ.