ಹಾಸ್ಟೆಲ್ ಗೆಳೆಯರೆಲ್ಲ 25 ವರ್ಷದ ಮೇಲೆ ಸೇರುತ್ತಿದ್ದೇವೆ. ಆಗಿನ ರೂಮ್ ಪಾರ್ಟಿಯನ್ನೇ ಮತ್ತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿರುವ ಲೆಕ್ಕ ಇಷ್ಟು: 16 ಜನ, ಎಲ್ಲರೂ ಐವತ್ತಕ್ಕೆ ಹತ್ತಿರದವರು, ನಾಲ್ವರು ಕುಡಿಯುವವರಲ್ಲ, ಒಂದೇ ಮನೆ, ಒಂದೇ ರಾತ್ರಿ. ಆಗಿನಂತೆಯೇ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂರಬೇಕು. ಮದ್ಯ ಎಷ್ಟು ತರಿಸಬೇಕು, ಏನು ಎಡವಟ್ಟಾಗಬಹುದು ಅಂತ ಕೇಳಿದ್ದೀರಿ.

ತರಿಸುವ ಮೊದಲು ಆಗಿನ ಲೆಕ್ಕವನ್ನೇ ಒಮ್ಮೆ ಹಾಕಿ ನೋಡಿ. ಐದು ಜನ ಜೇಬು ಕೊಡವಿ ಚಂದಾ ಎತ್ತಿದರೆ ಬರುತ್ತಿದ್ದದ್ದು 375 ಮಿಲೀಯ ಒಂದು ಬಾಟಲಿ. ತಲೆಗೆ 75 ಮಿಲೀ. 40 ಪರ್ಸೆಂಟ್ ಮದ್ಯವಾದರೆ ಅದರಲ್ಲಿರುವ ಶುದ್ಧ ಆಲ್ಕೋಹಾಲ್ ತಲೆಗೆ ಸುಮಾರು 24 ಗ್ರಾಂ. ಅಷ್ಟಕ್ಕೇ ರಾತ್ರಿ ಮೂರರವರೆಗೆ ಮಾತು, ಹಾಡು, ಜಗಳ, ರಾಜಿ ಎಲ್ಲ ನಡೆಯುತ್ತಿತ್ತು. ಕುಡಿತಕ್ಕೆ ಕಡಿವಾಣ ಹಾಕುತ್ತಿದ್ದದ್ದು ಯಾರ ಬುದ್ಧಿಯೂ ಅಲ್ಲ, ಜೇಬು. ಈಗ ಆ ಕಡಿವಾಣ ಕಳಚಿದೆ. ಒಬ್ಬೊಬ್ಬರೂ ‘ನನ್ನ ಕಡೆಯಿಂದ ಒಂದು’ ಅಂತ ಕೈಯಲ್ಲೊಂದು ಬಾಟಲಿ ಹಿಡಿದು ಬರುತ್ತಾರೆ. ಹನ್ನೆರಡು ಜನಕ್ಕೆ ಹನ್ನೆರಡು ಬಾಟಲಿ ಕೂಡಿದರೆ ಹತ್ತು ಗಂಟೆಗೇ ಅರ್ಧ ಜನ ಟೈಟ್, ಹನ್ನೊಂದಕ್ಕೆ ಇಬ್ಬರು ಔಟ್, ಮಾತಾಡಲು ಉಳಿದವರು ಯಾರೂ ಇರುವುದಿಲ್ಲ. ಹಳೆಯ ರಾತ್ರಿ ಮರಳಿ ಬೇಕಿದ್ದರೆ ಆ ಕೊರತೆಯನ್ನೇ ನೀವು ಕೈಯಾರೆ ಮಾಡಬೇಕು. ಗ್ರೂಪಿನಲ್ಲಿ ಮೊದಲೇ ಬರೆದುಬಿಡಿ: ಯಾರೂ ಏನೂ ತರಬೇಡಿ, ಚಂದಾ ಒಬ್ಬರ ಹತ್ತಿರ, ಖರೀದಿಯೂ ಅವರದೇ.

ಎಷ್ಟು ಖರೀದಿಸಬೇಕು ಅನ್ನುವುದಕ್ಕೆ ಪೆಗ್ ಲೆಕ್ಕ ಬಿಟ್ಟು ಗ್ರಾಂ ಲೆಕ್ಕ ಹಿಡಿಯಿರಿ. ಮಿಲೀ ಗುಣಿಸು ಪರ್ಸೆಂಟ್ ಭಾಗಿಸು ನೂರು, ಬಂದದ್ದನ್ನು 0.79ರಿಂದ ಗುಣಿಸಿ, ಅಷ್ಟೇ. 330 ಮಿಲೀಯ 5 ಪರ್ಸೆಂಟ್ ಬಿಯರ್‌ನಲ್ಲಿ 13 ಗ್ರಾಂ. 500 ಮಿಲೀಯ 8 ಪರ್ಸೆಂಟ್ ಸ್ಟ್ರಾಂಗ್ ಬಿಯರ್‌ನಲ್ಲಿ ಸುಮಾರು 32 ಗ್ರಾಂ, ಅಂದರೆ 40 ಪರ್ಸೆಂಟ್ ವಿಸ್ಕಿಯ 100 ಮಿಲೀಗೆ ಸಮ. ‘ನಾನು ಬರೀ ಬಿಯರ್’ ಅನ್ನುವವರು ಎಡವುವುದು ಇಲ್ಲೇ. 12 ಪರ್ಸೆಂಟ್ ವೈನ್ 150 ಮಿಲೀಗೆ 14 ಗ್ರಾಂ. 30 ಮಿಲೀಯ ಸಣ್ಣ ಪೆಗ್ಗಿಗೆ 9.5 ಗ್ರಾಂ.

ಐದು ಗಂಟೆಯ ಕೂಟಕ್ಕೆ ತಲೆಗೆ 40 ಗ್ರಾಂ ನನ್ನ ಮೇಲ್ಮಿತಿ. ಇದು ಆರೋಗ್ಯಕ್ಕೆ ಸುರಕ್ಷಿತ ಅಂತಲ್ಲ; ರಾತ್ರಿ ಕೆಡದಿರುವ ಮಿತಿ, ಅಷ್ಟೇ. ಹನ್ನೆರಡು ಜನಕ್ಕೆ 480 ಗ್ರಾಂ ಆಯಿತು. 330 ಮಿಲೀ ಬಿಯರ್ 18, 750 ಮಿಲೀಯ 40 ಪರ್ಸೆಂಟ್ ಬಾಟಲಿ ಒಂದು: ಒಟ್ಟು 471 ಗ್ರಾಂ. ಕೇಳಿದವರು ‘ಇಷ್ಟೇನಾ?’ ಅಂತ ನಗುತ್ತಾರೆ. ನಗಲಿ. ಆಗ ಸಿಗುತ್ತಿದ್ದದ್ದಕ್ಕಿಂತ ಇದು ಒಂದೂವರೆ ಪಟ್ಟಿಗೂ ಹೆಚ್ಚು.

ಅದೇ 40 ಗ್ರಾಂ ಎಲ್ಲರಿಗೂ ಒಂದೇ ಅಲ್ಲ. ಸ್ವೀಡನ್ನಿನ ವಿಜ್ಞಾನಿ ಎರಿಕ್ ವಿಡ್ಮಾರ್ಕ್ ಹಾಕಿಕೊಟ್ಟ ಸೂತ್ರ ಈಗಲೂ ಅಂದಾಜಿಗೆ ಬಳಕೆಯಲ್ಲಿದೆ: ತೂಕವನ್ನು ಗಂಡಸರಾದರೆ 0.68ರಿಂದ, ಹೆಂಗಸರಾದರೆ 0.55ರಿಂದ ಗುಣಿಸಿ, ಕುಡಿದ ಗ್ರಾಂ ಅನ್ನು ಅದರಿಂದ ಭಾಗಿಸಿ. ಸಿಗುವುದು ಸುಮಾರಾಗಿ ಲೀಟರ್ ರಕ್ತಕ್ಕೆ ಎಷ್ಟು ಗ್ರಾಂ ಎಂಬುದು. ಅದರಿಂದ ಗಂಟೆಗೆ 0.15 ಕಳೆಯುತ್ತ ಹೋಗಿ. 75 ಕಿಲೋ ಗಂಡಸು 40 ಗ್ರಾಂ ಕುಡಿದರೆ 0.78, ಐದು ಗಂಟೆಯಲ್ಲಿ ಬಹುಪಾಲು ಇಳಿದಿರುತ್ತದೆ. 60 ಕಿಲೋ ಹೆಂಗಸಿಗೆ ಅದೇ 40 ಗ್ರಾಂ 1.21 ಆಗುತ್ತದೆ, ಐದು ಗಂಟೆಯ ಮೇಲೂ 0.46 ಉಳಿದಿರುತ್ತದೆ. ಮೇಲಾಗಿ ವಯಸ್ಸಾದಂತೆ ಸ್ನಾಯು ಕರಗಿ, ಕೊಬ್ಬು ಕೂಡಿ, ಮೈಯಲ್ಲಿನ ನೀರಿನ ಪಾಲು ಇಳಿಯುತ್ತದೆ. ಆಲ್ಕೋಹಾಲ್ ಹರಡಿಕೊಳ್ಳುವುದು ನೀರಿನಲ್ಲಿ. ಹಾಗಾಗಿ ಇಪ್ಪತ್ತೆರಡರಲ್ಲಿ ಕುಡಿದ ಅದೇ ಮೂರು ಪೆಗ್ ಈಗ ಜೋರಾಗಿ ಏರುತ್ತದೆ. ‘ನನ್ನ ಕೆಪ್ಯಾಸಿಟಿ ನನಗೆ ಗೊತ್ತು’ ಅನ್ನುವವನಿಗೆ ಗೊತ್ತಿರುವುದು 25 ವರ್ಷ ಹಳೆಯ ಕೆಪ್ಯಾಸಿಟಿ.

ಅಳತೆಯ ವಿಷಯದಲ್ಲಿ ಮಾತ್ರ ಹಳೆಯ ಪದ್ಧತಿ ಕೈಬಿಡಿ. ಹಾಸ್ಟೆಲ್ಲಿನಲ್ಲಿ ಬೆರಳಿಟ್ಟು ಅಳೆಯುತ್ತಿದ್ದಿರಲ್ಲ, ಒಂದು ಬೆರಳು, ಎರಡು ಬೆರಳು ಅಂತ? ಒಳಗೆ 5.5 ಸೆಂಟಿಮೀಟರ್ ಅಗಲದ ಲೋಟದಲ್ಲಿ 2 ಸೆಂಟಿಮೀಟರ್ ಎತ್ತರಕ್ಕೆ ಹಿಡಿಸುವುದು 47 ಮಿಲೀ. 7 ಸೆಂಟಿಮೀಟರ್ ಅಗಲದ ಲೋಟದಲ್ಲಿ ಅದೇ ಎತ್ತರಕ್ಕೆ 77. ಬೆರಳು ಒಂದೇ, ಎಣ್ಣೆ ಒಂದೂವರೆ ಪಟ್ಟು. ಅಗಲದ ಗ್ಲಾಸು ಸಿಕ್ಕವನು ಮೊದಲು ಮಲಗುತ್ತಾನೆ. ಅವನ ಲಿವರ್ ವೀಕು ಅಂತ ಉಳಿದವರು ತೀರ್ಪು ಕೊಡುತ್ತಾರೆ. 30 ಮಿಲೀ ಅಳತೆ ಲೋಟ ಇಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಇರುವ ಮುಚ್ಚಳ ಸಾಕು. ಸುರಿಯುವವರು ಒಬ್ಬರೇ ಇರಲಿ, ಅವರು ಕುಡಿಯದ ನಾಲ್ವರಲ್ಲಿ ಒಬ್ಬರಾದರೆ ಇನ್ನೂ ಒಳ್ಳೆಯದು.

ಊಟ ಮೊದಲು, ಗ್ಲಾಸು ಆಮೇಲೆ. ಹಾಸ್ಟೆಲ್ಲಿನಲ್ಲಿ ಊಟ ತಡವಾಗಿ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ವಾಂತಿಗಳಲ್ಲಿ ಅರ್ಧಕ್ಕೆ ಅದೇ ಕಾರಣ. ಹಸಿದ ಹೊಟ್ಟೆಯಿಂದ ಆಲ್ಕೋಹಾಲ್ ಬೇಗ ಸಣ್ಣ ಕರುಳಿಗೆ ಇಳಿದು, ಅಲ್ಲಿಂದ ಸರ್ರನೆ ರಕ್ತ ಸೇರುತ್ತದೆ. ಪ್ರೋಟೀನು, ಕೊಬ್ಬು ಇರುವ ಗಟ್ಟಿ ಊಟ ಜಠರದ ಬಾಗಿಲನ್ನು ಹಿಡಿದು ನಿಲ್ಲಿಸುತ್ತದೆ. ಬರೀ ಉಪ್ಪಿನ ಕುರುಕಲು ಇಟ್ಟರೆ ಬಾಯಾರಿಕೆ ಹೆಚ್ಚಿ ಗ್ಲಾಸು ಬೇಗ ಖಾಲಿಯಾಗುತ್ತದೆ. ಬೆರೆಸುವುದಕ್ಕೆ ಶುಗರ್‌ಫ್ರೀ ಕೋಲಾ ತರಿಸುವವರು ಈ ವಯಸ್ಸಿನಲ್ಲಿ ಬಹಳ. ಸಕ್ಕರೆ ಇಲ್ಲದ ಪಾನೀಯ ಜಠರದಿಂದ ಬೇಗ ಖಾಲಿಯಾಗುವುದರಿಂದ ಅದೇ ಪೆಗ್ ಹೆಚ್ಚು ಏರುತ್ತದೆ, ಇದು ಅವರಿಗೆ ಗೊತ್ತಿರಲಿ. ಎನರ್ಜಿ ಡ್ರಿಂಕ್ ಬೇಡವೇ ಬೇಡ: ಕೆಫೀನ್ ನಿದ್ದೆಯನ್ನು ಮಾತ್ರ ಮರೆಸುತ್ತದೆ, ಅಮಲು ಅಷ್ಟೇ ಇರುತ್ತದೆ, ಹಾಗಾಗಿ ನಿಲ್ಲಿಸಬೇಕಾದ ಹೊತ್ತು ತಿಳಿಯುವುದಿಲ್ಲ.

ಬಿಯರ್ ಮೊದಲೋ ವೈನ್ ಮೊದಲೋ ಎಂಬ ಹಾಸ್ಟೆಲ್ ವಾದ ಮತ್ತೆ ಎದ್ದರೆ ಉತ್ತರ ಸಿದ್ಧವಿದೆ. ಜರ್ಮನಿಯ ವಿಟೆನ್/ಹೆರ್ಡೆಕೆ ವಿಶ್ವವಿದ್ಯಾಲಯದಲ್ಲಿ 90 ಜನರ ಮೇಲೆ ಇದನ್ನೇ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ಕ್ರಮದಿಂದ ಹ್ಯಾಂಗೋವರ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಎಷ್ಟು ಟೈಟ್ ಆಗಿದ್ದೇವೆ ಅನ್ನಿಸಿತು, ವಾಂತಿ ಆಯಿತೇ, ಈ ಎರಡರಿಂದ ಮರುದಿನದ ಪಾಡು ಊಹಿಸಬಹುದಿತ್ತು.

ಇನ್ನು ಆಟಗಳು. ಹಳೆಯ ಗುಂಪು ಸೇರಿದಾಗ ಎಡವಟ್ಟಾಗುವುದು ಹೆಚ್ಚಾಗಿ ಇವುಗಳಿಂದ. ಇಸ್ಪೀಟಿನ ಆಟವಿರಲಿ, ಲೋಟಕ್ಕೆ ಚೆಂಡು ಎಸೆಯುವ ಆಟವಿರಲಿ, ನಿಯಮ ಒಂದೇ: ಸೋತವನು ಕುಡಿಯಬೇಕು. ಕುಡಿದವನ ಕೈ ನಡುಗುತ್ತದೆ, ಲೆಕ್ಕ ತಪ್ಪುತ್ತದೆ, ಅವನೇ ಮತ್ತೆ ಸೋಲುತ್ತಾನೆ, ಮತ್ತೆ ಕುಡಿಯುತ್ತಾನೆ. ಆಟ ಯಾರನ್ನು ಮೊದಲು ಹಿಡಿಯಿತೋ ಅವನನ್ನು ಬಿಡುವುದೇ ಇಲ್ಲ. ಹನ್ನೆರಡು ಜನರಲ್ಲಿ ಹತ್ತು ಜನ ನೆಟ್ಟಗಿದ್ದು ಇಬ್ಬರು ಮಾತ್ರ ನೆಲ ಹಿಡಿಯುವುದು ಹೀಗೆ. ನಿಯಮವನ್ನು ತಿರುಗಿಸಿ: ಗೆದ್ದವನಿಗೆ ಒಂದು ಗುಟುಕು, ಸೋತವನಿಗೆ ಒಂದು ಲೋಟ ನೀರು ಅಥವಾ ಹಳೆಯ ಗುಟ್ಟೊಂದನ್ನು ಬಾಯಿಬಿಡುವ ಶಿಕ್ಷೆ. ಗೆದ್ದವನು ಕುಡಿದಂತೆ ಮಂದವಾಗಿ ಸೋಲತೊಡಗುತ್ತಾನೆ. ಸರದಿ ತಾನಾಗಿಯೇ ಬದಲಾಗುತ್ತದೆ. ಗುಟುಕು ಅಂದರೆ ಬಿಯರ್ 20 ಮಿಲೀ, ಅದಕ್ಕೂ ಸಿರಪ್ ಮುಚ್ಚಳವೇ ಅಳತೆ. ‘ಬಾಟಮ್ಸ್ ಅಪ್’, ಅಂದರೆ ಒಂದೇ ಏಟಿಗೆ ಗ್ಲಾಸು ಖಾಲಿ ಮಾಡುವುದು, ಪೂರ್ತಿ ನಿಷೇಧ. ಹಿಂದಿನ ರಾತ್ರಿಯ ನೆನಪು ಖಾಲಿಯಾಗುವುದು ಒಟ್ಟು ಎಷ್ಟು ಕುಡಿದರು ಎಂಬುದರ ಜೊತೆಗೆ, ರಕ್ತದಲ್ಲಿ ಎಷ್ಟು ಬೇಗ ಏರಿತು ಎಂಬುದರಿಂದಲೂ. ಮಿದುಳಿನ ಹಿಪೊಕ್ಯಾಂಪಸ್ ದಾಖಲಿಸುವುದನ್ನೇ ನಿಲ್ಲಿಸಿರುತ್ತದೆ; ಮನುಷ್ಯ ಮಾತಾಡುತ್ತ, ಹಾಡುತ್ತ ಇದ್ದರೂ ಬೆಳಿಗ್ಗೆ ಆ ಎರಡು ಗಂಟೆ ಎಲ್ಲೂ ಸಿಗುವುದಿಲ್ಲ. ದೂರದಿಂದ ಬಂದವನು ಕೂಟವನ್ನೇ ನೆನಪಿಟ್ಟುಕೊಳ್ಳದೆ ಹೋಗುವುದು ನಷ್ಟವೇ ಸರಿ. ಅದಕ್ಕೇ ಹಳೆಯ ಫೋಟೋ, ಹಾಡು, ವಾರ್ಡನ್ ಕಥೆಗಳೆಲ್ಲ ಮೊದಲ ಒಂದೂವರೆ ಗಂಟೆಯಲ್ಲೇ ಹೊರಬರಲಿ. ವಾರ್ಡನ್ನನ್ನು ಅನುಕರಿಸುವವನು ಗುಂಪಿನಲ್ಲಿ ಒಬ್ಬ ಇದ್ದೇ ಇರುತ್ತಾನೆ, ಮೂರನೇ ಪೆಗ್ ಆದಮೇಲೆ ಅವನಿಂದ ಏನೂ ಬರುವುದಿಲ್ಲ.

ಕೂಟಕ್ಕೆ ಎರಡು ದಿನ ಮುಂಚೆ ಎಲ್ಲರಿಗೂ ಒಂದು ಸಂದೇಶ ಕಳಿಸಿ: ಮಾತ್ರೆ ತೆಗೆದುಕೊಳ್ಳುತ್ತಿರುವವರು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ. ಆಗ ಯಾರಿಗೂ ಇರದ ತಾಪತ್ರಯ ಇದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳ ಮೇಲೆ ಕುಡಿದು ಊಟ ಬಿಟ್ಟರೆ ರಾತ್ರಿ ಸಕ್ಕರೆ ಕುಸಿಯುತ್ತದೆ, ಏಕೆಂದರೆ ಲಿವರ್ ಹೊಸ ಗ್ಲೂಕೋಸ್ ತಯಾರಿಸುವುದನ್ನು ಆಲ್ಕೋಹಾಲ್ ತಡೆಯುತ್ತದೆ; ತೊದಲು, ಬೆವರು ನೋಡಿದವರು ‘ಟೈಟ್ ಆಗಿದ್ದಾನೆ’ ಅಂತ ಸುಮ್ಮನಿರುತ್ತಾರೆ. ನಿದ್ದೆ ಮಾತ್ರೆಯ ಜೊತೆಗೆ ಉಸಿರಾಟವೇ ಮಂದವಾಗಬಹುದು. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್‌ನ ಕೋರ್ಸ್ ನಡೆಯುತ್ತಿದ್ದರೆ, ಕೊನೆಯ ಮಾತ್ರೆಯಾಗಿ ಮೂರು ದಿನ ಕಳೆಯುವವರೆಗೂ ಮುಟ್ಟಬಾರದು. ತಲೆನೋವಿಗೆ ಅಂತ ಮಲಗುವ ಮುಂಚೆ ಪ್ಯಾರಸಿಟಮಾಲ್ ನುಂಗುವ ಅಭ್ಯಾಸವೂ ಬೇಡ. ಲಿವರಿಗೆ ಒಂದೇ ಹೊತ್ತಿನಲ್ಲಿ ಎರಡು ಕೆಲಸ.

ಕುಡಿಯದ ನಾಲ್ವರಿಗೂ ಅಂಥದೇ ಗ್ಲಾಸು ಕೊಡಿ, ಯಾಕೆ ಬಿಟ್ಟೆ ಅಂತ ಕೇಳಬೇಡಿ. ಚಟದಿಂದ ಹೊರಬಂದವರು ಯಾರಾದರೂ ಇದ್ದರೆ ಬಾಟಲಿ ತೆರೆಯುವ ಮುಂಚಿನ ಊಟಕ್ಕಷ್ಟೇ ಬಂದು ಹೋಗುವ ದಾರಿಯನ್ನು ಅವರಿಗೆ ಮೊದಲೇ ತಿಳಿಸಿಡಿ.

ಬಂದ ಕೂಡಲೇ ಗಾಡಿ ಕೀಗಳೆಲ್ಲ ಒಂದು ಡಬ್ಬಿಗೆ, ಡಬ್ಬಿ ಕುಡಿಯದವರ ಕೈಗೆ. ಮಹಡಿಯ ಬಾಗಿಲಿಗೆ ಬೀಗ. ‘ಟೆರೇಸ್ ಮೇಲೆ ಕೂರೋಣ’ ಅನ್ನುವ ಆಸೆ ಬಂದೇ ಬರುತ್ತದೆ. ಅಲ್ಲಿನ ಅಡ್ಡಗೋಡೆ ಸೊಂಟಕ್ಕಿಂತ ಕೆಳಗಿದ್ದರೆ ಒಪ್ಪಲೇಬೇಡಿ. ಲೇಬಲ್ ಇಲ್ಲದ ಅಗ್ಗದ ಮಾಲನ್ನು ‘ಆಗಿನ ನೆನಪಿಗೆ’ ಅಂತ ಯಾರಾದರೂ ತಂದರೆ ಚರಂಡಿಗೆ ಸುರಿಯಿರಿ: ಅದರಲ್ಲಿ ಮೆಥನಾಲ್ ಎಂಬ ವಿಷದ ಆಲ್ಕೋಹಾಲ್ ಇದ್ದರೆ ರುಚಿಯಲ್ಲಿ ಗೊತ್ತಾಗುವುದಿಲ್ಲ, ಕಣ್ಣು ಮಂಜಾಗುವುದು ಎಷ್ಟೋ ಗಂಟೆ ಕಳೆದ ಮೇಲೆ.

ಯಾರಾದರೂ ಔಟ್ ಆದರೆ ‘ಮಲಗಲಿ ಬಿಡು’ ಅನ್ನುವುದು ಹಳೆಯ ಪದ್ಧತಿ, ಅಪಾಯದ ಪದ್ಧತಿ. ಹೊಟ್ಟೆಯಲ್ಲಿ ಉಳಿದದ್ದು ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ ಮುಂದಕ್ಕೆ, ಬಾಯಿ ತುಸು ನೆಲದ ಕಡೆಗೆ. ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಜೋರಾಗಿ ಅಲ್ಲಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ಅಥವಾ ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ದಾಟಿದರೆ, ತುಟಿ ನೀಲಿಯಾಗಿ ಮೈ ತಣ್ಣಗಾದರೆ, ಪ್ರಜ್ಞೆಯಿಲ್ಲದೆ ವಾಂತಿ ಮಾಡಿದರೆ, ಫಿಟ್ಸ್ ಬಂದರೆ ಆಂಬುಲೆನ್ಸ್ ಕರೆಯಿರಿ. ಬೆರಳು ಹಾಕಿ ವಾಂತಿ ಮಾಡಿಸುವುದು, ತಣ್ಣೀರು ಸುರಿಯುವುದು, ಕಾಫಿ ಕುಡಿಸುವುದು ಯಾವುದೂ ರಕ್ತದಲ್ಲಿರುವುದನ್ನು ಇಳಿಸುವುದಿಲ್ಲ. ಮೊದಲನೆಯದರಿಂದ ವಾಂತಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು.

ಬೆಳಿಗ್ಗೆ ಕೀ ಡಬ್ಬಿಯನ್ನು ಎದ್ದ ಕೂಡಲೇ ತೆರೆಯಬೇಡಿ. ನಿಮ್ಮ ಲೆಕ್ಕ ಮೀರಿ 75 ಕಿಲೋದ ಒಬ್ಬ ಅರ್ಧ ಬಾಟಲಿ, ಅಂದರೆ 375 ಮಿಲೀ ಇಳಿಸಿಬಿಟ್ಟ ಅನ್ನಿ. 118 ಗ್ರಾಂ, ಸೂತ್ರದ ಪ್ರಕಾರ 2.3. ಅದು ಸೊನ್ನೆಗಿಳಿಯಲು 15 ಗಂಟೆಗೂ ಹೆಚ್ಚು ಬೇಕು. ರಾತ್ರಿ ಎಂಟಕ್ಕೆ ಶುರು ಮಾಡಿದ್ದರೆ ಮರುದಿನ ಬೆಳಿಗ್ಗೆ ಹನ್ನೊಂದೂವರೆ. ಇದು ಸರಾಸರಿಯ ಅಂದಾಜು, ಕೆಲವರಿಗೆ ಇನ್ನೂ ತಡವಾಗುತ್ತದೆ. ಆದ್ದರಿಂದ ವಾಪಸ್ ಬಸ್ಸು, ರೈಲಿನ ಟಿಕೆಟನ್ನು ಮಧ್ಯಾಹ್ನದ ಮೇಲಕ್ಕೇ ಬುಕ್ ಮಾಡಿಸಿ, ಸ್ವಂತ ಗಾಡಿಯವರಿಗೆ ಮಧ್ಯಾಹ್ನದ ಊಟವನ್ನೂ ಅಲ್ಲೇ ಹೇಳಿಬಿಡಿ.