ಒಂದೇ ಸಲ ಕೇಳುತ್ತಾರೆ, ಆಗಲೇ ಹೇಳಿಬಿಡಿ

ಅಕ್ಕಾ, ನನಗೆ 36 ವರ್ಷ. ಸಾಗರದ ಕಡೆಯವಳು, ಈಗ ಸಿಯಾಟಲ್ ಹತ್ತಿರ ಇದ್ದೇವೆ. ಆರು ವರ್ಷ ಕೂತು ಇಂಗ್ಲಿಷಿನಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆದು ಮುಗಿಸಿದ್ದೇನೆ. 1,10,000 ಪದ ಇದೆ. ನಮ್ಮಜ್ಜಿಯ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತ್ತು. ಕಥೆ ಹುಟ್ಟಿದ್ದು ಅಲ್ಲಿಂದ. ನೀರು ಇಳಿದಾಗ ಮುಳುಗಿದ ಊರು ಮೇಲೇಳುತ್ತದೆ, ಸತ್ತವರು ಶಾನುಭೋಗರ ಮಗಳ ಹತ್ತಿರ ಲೆಕ್ಕ ಕೇಳೋಕೆ ಬರುತ್ತಾರೆ.

2025ರ ಆಗಸ್ಟ್‌ನಲ್ಲಿ ವರ್ಲ್ಡ್‌ಕಾನ್, ಅಂದರೆ ವಿಜ್ಞಾನ ಕಥೆ, ಫ್ಯಾಂಟಸಿಯವರ ದೊಡ್ಡ ಸಮ್ಮೇಳನ, ನಮ್ಮ ಸಿಯಾಟಲ್‌ಗೇ ಬಂದಿತ್ತು. ಐದು ದಿನವೂ ಹೋದೆ. ನಮ್ಮ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವ ಏಜೆಂಟರು, ಪ್ರಕಾಶನದ ಎಡಿಟರುಗಳು ಪಕ್ಕದಲ್ಲೇ ಓಡಾಡುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ನಾಲ್ಕನೇ ದಿನ ಕಾಫಿ ಸಾಲಿನಲ್ಲಿ ಮುಂದಿದ್ದವರು ತಿರುಗಿ ನಕ್ಕು, "ನೀವೂ ಬರೀತೀರಾ?" ಅಂತ ಕೇಳಿದರು. ಬ್ಯಾಡ್ಜ್ ನೋಡಿದೆ. ಯಾರಿಗೆ ಮೊದಲು ಕಳಿಸಬೇಕು ಅಂದುಕೊಂಡಿದ್ದೆನೋ ಅದೇ ಏಜೆಂಟ್! "ಏನಿಲ್ಲ, ಸುಮ್ನೆ ಓದ್ತೀನಿ ಅಷ್ಟೇ" ಅಂದುಬಿಟ್ಟೆ. ಅವರು ಕಾಫಿ ತಗೊಂಡು ಹೋದರು. ವಾಪಸ್ ಬರುವಾಗ ರೈಲಿನಲ್ಲಿ ಅತ್ತುಬಿಟ್ಟೆ.

ಈ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ವರ್ಲ್ಡ್ ಫ್ಯಾಂಟಸಿ ಕನ್ವೆನ್ಷನ್ ಅಂತ ಇನ್ನೊಂದು ಸಮ್ಮೇಳನ ಇದೆ. ಯಜಮಾನರು ಹೋಗು ಅಂತಾರೆ. ಅಲ್ಲಿ ಮಾತುಕತೆಯೆಲ್ಲ ಬಾರ್‌ನಲ್ಲೇ ಅಂತೆ, ನಾನು ಕುಡಿಯುವವಳಲ್ಲ. ನಾನಾಗೇ ಹೋಗಿ ಯಾರ ಮೇಲಾದರೂ ಬೀಳುವುದು ನನ್ನಿಂದ ಆಗಲ್ಲ. ಇನ್ನೊಂದು ವಿಷಯ. ಸಿಯಾಟಲ್ ಸಮ್ಮೇಳನದಲ್ಲೇ ಪರಿಚಯವಾದ ಒಬ್ಬರು ತಾವೂ ಏಜೆಂಟ್ ಅಂತ ಹೇಳಿ, ಎಡಿಟಿಂಗ್‌ಗೆ ಮೊದಲು 2,000 ಡಾಲರ್ ಕೊಟ್ಟರೆ ನಿಮ್ಮ ಪುಸ್ತಕ ತಗೋತೀನಿ ಅಂದಿದ್ದಾರೆ. ನನ್ನಂಥವಳಿಗೆ ಇದೊಂದೇ ದಾರಿನಾ?
– ಹೆಸರು ಬೇಡ

ತಂಗಿ, ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ 2,000 ಡಾಲರ್ ಕೊಡಬೇಡಿ. ಅದರಲ್ಲಿ ಅರ್ಧವನ್ನೂ ಕೊಡಬೇಡಿ. ಸರಿಯಾದ ಏಜೆಂಟ್ ಬರಹಗಾರರ ಹತ್ತಿರ ಮುಂಗಡ ಕೇಳುವುದಿಲ್ಲ. ಓದುವುದಕ್ಕೂ ಕೇಳಲ್ಲ, ತಿದ್ದುವುದಕ್ಕೂ ಕೇಳಲ್ಲ. ಪ್ರಕಾಶಕರು ಪುಸ್ತಕ ಕೊಂಡ ಮೇಲೆ ನಿಮಗೆ ಬರುವ ಹಣದಲ್ಲಿ ನೂರಕ್ಕೆ 15 ಅವರ ಪಾಲು. ಬೇರೆ ದೇಶಕ್ಕೆ ಹಕ್ಕು ಮಾರಿದರೆ ಸಾಮಾನ್ಯವಾಗಿ 20. ನಿಮಗೆ ಬಂದರೆ ಮಾತ್ರ ಅವರಿಗೂ ಬರುತ್ತದೆ. ಅದಕ್ಕೇ ಅವರು ನಿಮ್ಮ ಪರ ಕೆಲಸ ಮಾಡುತ್ತಾರೆ. ನಿಮ್ಮಿಂದಲೇ ದುಡ್ಡು ಇಸಕೊಂಡವರಿಗೆ ಪುಸ್ತಕ ಮಾರುವ ದರ್ದು ಏನಿರುತ್ತದೆ ಹೇಳಿ? ಸಮ್ಮೇಳನದಲ್ಲಿ ಸಿಕ್ಕರು, ಕೊರಳಲ್ಲಿ ಬ್ಯಾಡ್ಜ್ ಇತ್ತು ಅಂತ ನಂಬಬೇಡಿ. ಸದಸ್ಯತ್ವದ ಹಣ ಕಟ್ಟಿದ ಎಲ್ಲರಿಗೂ ಬ್ಯಾಡ್ಜ್ ಸಿಗುತ್ತದೆ. ರೈಟರ್ ಬಿವೇರ್ ಅಂತ ಒಂದು ಜಾಲತಾಣ ಇದೆ. ಅಮೆರಿಕದ ವಿಜ್ಞಾನ ಕಥೆ, ಫ್ಯಾಂಟಸಿ ಬರಹಗಾರರ ಸಂಘದ ಬೆಂಬಲದಲ್ಲಿ 1998ರಿಂದ ನಡೆಯುತ್ತಿದೆ. ಇಂಥವರ ವಿಷಯ ಬರೆದು ಎಚ್ಚರಿಸುವುದೇ ಅದರ ಕೆಲಸ. ಆ ಹೆಸರನ್ನು ಅಲ್ಲಿ ಒಮ್ಮೆ ಹುಡುಕಿ ನೋಡಿ. ಸಿಗದಿದ್ದರೂ ನನ್ನ ಉತ್ತರ ಬದಲಾಗುವುದಿಲ್ಲ.

ಇನ್ನು ಕಾಫಿ ಸಾಲಿನ ಮಾತು. ನಿಮ್ಮ ಪತ್ರದಲ್ಲಿ ನನ್ನ ಎದೆಗೆ ತಾಗಿದ್ದು ಆ "ಏನಿಲ್ಲ".

ನಮ್ಮ ಕಡೆ ಯಾರ ಮನೆಗಾದರೂ ಹೋದರೆ ಏನಾಗುತ್ತದೆ? "ಕಾಫಿ ಮಾಡ್ಲಾ?" ಅಂತಾರೆ. "ಅಯ್ಯೋ ಬೇಡ, ಈಗಷ್ಟೇ ಆಯ್ತು" ಅಂತೀವಿ. "ಅರ್ಧ ಲೋಟ ಕುಡೀರಿ" ಅಂತಾರೆ. "ಸುಮ್ನೆ ಯಾಕೆ ತೊಂದರೆ" ಅಂತೀವಿ. ಅಷ್ಟರಲ್ಲಿ ಒಳಗೆ ಹಾಲು ಒಲೆ ಮೇಲೆ ಇಟ್ಟಾಗಿರುತ್ತದೆ. ಬೇಡ ಅನ್ನುವುದು ಬಂದವರ ಮರ್ಯಾದೆ, ಬಲವಂತ ಮಾಡುವುದು ಮನೆಯವರ ಉಪಚಾರ. ನೀವು ಮಾಡಿದ್ದೂ ಅದನ್ನೇ. ಮೊದಲನೇ "ಬೇಡ" ಹೇಳಿದಿರಿ. ಇನ್ನೊಂದು ಸಲ ಕೇಳಿದ್ದರೆ "ಹೂಂ, ಸ್ವಲ್ಪ ಏನೋ ಬರೆದಿದ್ದೀನಿ" ಅನ್ನುತ್ತಿದ್ದಿರಿ, ಅಲ್ವಾ? ಆದರೆ ಅವರಿಗೆ ನಮ್ಮ ಈ ರೂಢಿ ಗೊತ್ತಿಲ್ಲ. ನೀವು ಹೇಳಿದ್ದನ್ನು ಹಾಗೇ ನಂಬಿದರು. ಇಲ್ಲ ಅಂದವರನ್ನು ಮತ್ತೆ ಕೇಳುವುದು ಅವರ ಲೆಕ್ಕದಲ್ಲಿ ಒತ್ತಾಯ. ನಿಮ್ಮನ್ನು ಗೌರವಿಸಿಯೇ ಅವರು ಸುಮ್ಮನಾದರು.

ಹಾಗಾಗಿ ನಾನು ನಿಮಗೆ ಮೇಲೆ ಬೀಳುವುದನ್ನು ಕಲಿಯಿರಿ ಅಂತ ಹೇಳಲ್ಲ. ಕೇಳಿದಾಗ, ಮೊದಲನೇ ಸಲಕ್ಕೇ ಹೇಳುವುದನ್ನು ಮಾತ್ರ ಕಲಿಯಿರಿ. ಇಂಥ ಕಡೆ ಎಲ್ಲರೂ ಎಲ್ಲರನ್ನೂ "ಏನು ಬರೀತಿದ್ದೀರಿ?" ಅಂತ ಕೇಳುತ್ತಾರೆ. ಬಸ್ಸಿನಲ್ಲಿ ನಾವು "ಯಾವೂರಾಯ್ತು?" ಅಂತ ಕೇಳುವ ಹಾಗೆ. ಅದಕ್ಕೆ ಉತ್ತರ ಕೊಟ್ಟರೆ ಅದು ಭಿಕ್ಷೆ ಬೇಡಿದ ಹಾಗಲ್ಲ.

ಉತ್ತರ ಎಷ್ಟುದ್ದ ಇರಬೇಕು? ನಿಮ್ಮ ಪತ್ರದಲ್ಲಿ ನೀವೇ ಬರೆದಿದ್ದೀರಿ ನೋಡಿ. "ನೀರು ಇಳಿದಾಗ ಮುಳುಗಿದ ಊರು ಮೇಲೇಳುತ್ತದೆ, ಸತ್ತವರು ಶಾನುಭೋಗರ ಮಗಳ ಹತ್ತಿರ ಲೆಕ್ಕ ಕೇಳೋಕೆ ಬರುತ್ತಾರೆ." ಓದಿದ ತಕ್ಷಣ ನನಗೆ ಏನು ಲೆಕ್ಕ, ಯಾಕೆ ಮಗಳ ಹತ್ತಿರ ಅಂತ ಕೇಳಬೇಕು ಅನ್ನಿಸಿತು. ಅಷ್ಟು ಹೇಳಿ ನಿಲ್ಲಿಸಿ. ಶರಾವತಿ ಎಲ್ಲಿದೆ, 1964ರಲ್ಲಿ ಅಣೆಕಟ್ಟು ಹೇಗೆ ಬಂತು, ಎಷ್ಟು ಊರು ಹೋಯಿತು ಅಂತ ಶುರು ಮಾಡಬೇಡಿ. ಶಾನುಭೋಗರು ಅಂದರೆ ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುವವರು ಅಂತ ಒಂದೇ ಮಾತಿನಲ್ಲಿ ಹೇಳಿದರೆ ಸಾಕು. ಅವರಿಗೆ ಬೇಕಾದರೆ "ಅಂಥ ಊರು ನಿಜವಾಗಲೂ ಇದೆಯಾ?" ಅಂತ ಕೇಳುತ್ತಾರೆ. ಆಗ ಅಜ್ಜಿಯ ಊರಿನ ಹೆಸರು ಹೇಳಿ. ಲಿಂಗನಮಕ್ಕಿ ನುಂಗಿದ ಹಳೇ ಹಿರೇಭಾಸ್ಕರ ಅಣೆಕಟ್ಟು ನೀರು ತೀರಾ ಕಮ್ಮಿಯಾದ ವರ್ಷ ಈಗಲೂ ಮೇಲೆ ಕಾಣಿಸುತ್ತದೆ ಅಂತ ಹೇಳಿ. ಇದನ್ನು ಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇರುತ್ತೀರಿ.

ಪಾತ್ರೆ ತೊಳೆಯುವಾಗ ಆ ಎರಡು ಸಾಲನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಹೇಳಿಕೊಂಡರೆ ಸಾಲದು. ಬಾಯಿಗೆ ರೂಢಿಯಾಗಬೇಕು.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ನಾನು ಈ ದೇಶದಲ್ಲಿ ಕಾಪಿ ಎಡಿಟಿಂಗ್ ಮಾಡಿಕೊಂಡು ಬಂದವಳು. ಇಂಥ ಸಮ್ಮೇಳನಗಳಿಗೆ ಹೋಗಿ ಬಂದು ಮಾಡುತ್ತೇನೆ. ಮೊದಲ ಸಲ ಹೋದಾಗ ನಿಮ್ಮ ಹಾಗೆಯೇ ಹೆದರಿದ್ದೆ. ಆದರೆ ಹೆದರಿಕೆಯಲ್ಲಿ ಉಲ್ಟಾ ಮಾಡಿದೆ. ಒಬ್ಬ ಎಡಿಟರ್ ಮೂಲೆಯ ಮೇಜಿನಲ್ಲಿ ಒಬ್ಬರೇ ಊಟಕ್ಕೆ ಕೂತಿದ್ದರು. ಎದುರಿಗೆ ಹೋಗಿ ಕೂತು ನನ್ನ ಕಥೆಯನ್ನು ಮೊದಲಿಂದ ಕೊನೆವರೆಗೆ ಒದರಿದೆ. ಅವರ ಕೈಯಲ್ಲಿ ಚಮಚ ಹಾಗೇ ನಿಂತಿತ್ತು. ಸೂಪಿನ ಮೇಲೆ ಕೆನೆ ಕಟ್ಟುವುದು ನನಗೇ ಕಾಣುತ್ತಿತ್ತು. ಆದರೂ ನಿಲ್ಲಿಸಲಿಲ್ಲ. ಮುಗಿಸಿದ ಮೇಲೆ ಅವರು "ಕ್ಷಮಿಸಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಹಸಿದವರ ಮುಂದೆ ಹೀಗೆ ಮಾಡಬಾರದು ಅಂತ ನಮ್ಮಮ್ಮ ಕಲಿಸಿದ್ದೇ ಆವತ್ತು ಮರೆತಿತ್ತು. ಊಟದಲ್ಲಿರುವವರು, ಶೌಚಾಲಯದಲ್ಲಿರುವವರು, ಇಬ್ಬರೇ ತಲೆ ಹತ್ತಿರ ಮಾಡಿಕೊಂಡು ಮಾತಾಡುತ್ತಿರುವವರು, ಇವರನ್ನು ಬಿಟ್ಟುಬಿಡಿ. ಉಳಿದ ಕಡೆ ನಿಮ್ಮ ಸಂಕೋಚವೇ ನಿಮ್ಮನ್ನು ಕಾಯುತ್ತದೆ. ಈ ವಿಷಯದಲ್ಲಿ ನಿಮ್ಮ ಸ್ವಭಾವ ನಿಜಕ್ಕೂ ಒಳ್ಳೆಯದು.

ಓಕ್ಲೆಂಡ್‌ಗೆ ಹೋಗಬೇಕಾ? ಹೋಗಿ. ವರ್ಲ್ಡ್‌ಕಾನ್ ದೊಡ್ಡ ಜಾತ್ರೆ. ಸಾವಿರಾರು ಓದುಗರು, ವೇಷ ಹಾಕಿದವರು, ಐದು ದಿನದ ಗದ್ದಲ. ವರ್ಲ್ಡ್ ಫ್ಯಾಂಟಸಿ 1975ರಲ್ಲಿ ಪ್ರಾವಿಡೆನ್ಸ್‌ನಲ್ಲಿ ಶುರುವಾದದ್ದು. ಸಾಮಾನ್ಯವಾಗಿ ಸಾವಿರದ ಆಸುಪಾಸು ಜನ, ಅದರಲ್ಲೂ ಬರೆಯುವವರು, ಎಡಿಟರುಗಳು, ಏಜೆಂಟರೇ ಜಾಸ್ತಿ. ನಾಲ್ಕು ದಿನದಲ್ಲಿ ಅದೇ ಮುಖಗಳು ಲಿಫ್ಟ್‌ನಲ್ಲಿ, ಕಾರಿಡಾರ್‌ನಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಸಂಕೋಚದವರಿಗೆ ಇದು ವರ. ಮೊದಲ ದಿನ ನಕ್ಕಿದ್ದವರ ಜೊತೆ ಮೂರನೇ ದಿನ ಮಾತು ತಾನಾಗೇ ಬರುತ್ತದೆ.

ಬಾರ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರಾತ್ರಿ ಎಲ್ಲರೂ ಹೋಟೆಲಿನ ಬಾರ್‌ನಲ್ಲಿ ಸೇರುವುದು ನಿಜ. ಸೋಡಾಗೆ ನಿಂಬೆಹಣ್ಣು ಹಾಕಿಸಿಕೊಂಡು ನಿಂತರೆ ಲೋಟದಲ್ಲಿ ಏನಿದೆ ಅಂತ ಯಾರೂ ಕೇಳಲ್ಲ. ಕುಡಿಯದ ಎಡಿಟರುಗಳೂ ಬೇಕಾದಷ್ಟು ಇದ್ದಾರೆ. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಬಾರ್‌ಗಿಂತ ಮೊದಲು ಕಥೆ ಓದುವ ಕೋಣೆಗಳಿಗೆ ಹೋಗುತ್ತಿದ್ದೆ. ಬರಹಗಾರರು ಅರ್ಧ ಗಂಟೆ ತಮ್ಮ ಪುಸ್ತಕದಿಂದ ಓದುತ್ತಾರೆ. ಎಷ್ಟೋ ಸಲ ಕೇಳುವವರು ಐದೋ ಆರೋ ಜನ. ಖಾಲಿ ಕುರ್ಚಿಗಳ ನಡುವೆ ನೀವು ಕೂತು ಮನಸಿಟ್ಟು ಕೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದರೆ ಆ ಬರಹಗಾರರು ನಿಮ್ಮನ್ನು ಮರೆಯಲ್ಲ. ಸಂಜೆ ಅವರೇ ಯಾರದೋ ಜೊತೆ ನಿಂತಿರುವಾಗ ನಿಮ್ಮನ್ನು ಕರೆದು ಪರಿಚಯ ಮಾಡಿಸುತ್ತಾರೆ. ಆ ಯಾರೋ ಅವರ ಎಡಿಟರೇ ಇರಬಹುದು. ಶುಕ್ರವಾರ ಸಂಜೆ ಬರಹಗಾರರೆಲ್ಲ ಸಾಲಾಗಿ ಕೂತು ಪುಸ್ತಕಕ್ಕೆ ಸಹಿ ಹಾಕುವ ಪದ್ಧತಿಯೂ ಇದೆ. ದೊಡ್ಡ ಹೆಸರುಗಳ ಮುಂದೆ ಉದ್ದ ಸಾಲು, ಪಕ್ಕದ ಮೇಜಿನಲ್ಲಿ ಹೊಸಬರು ಪೆನ್ನು ಹಿಡಿದು ಸುಮ್ಮನೆ ಕೂತಿರುತ್ತಾರೆ. ಅವರ ಹತ್ತಿರ ಹೋಗಿ. ಅವರಿಗೂ ಮಾತು ಬೇಕಾಗಿರುತ್ತದೆ.

ಇನ್ನೊಂದು ದಾರಿ ಇದೆ, ನಮ್ಮವರಿಗೆ ಸುಲಭವಾದದ್ದು. ಮದುವೆಮನೆಯಲ್ಲಿ ಯಾರ ಜೊತೆಯೂ ಮಾತು ಬಾರದೆ ಕಂಬದ ಹಿಂದೆ ನಿಂತ ಹುಡುಗಿಯ ಕೈಗೆ ಕೋಸಂಬರಿ ಪಾತ್ರೆ ಕೊಟ್ಟು ನೋಡಿ. ಒಂದು ಪಂಕ್ತಿ ಬಡಿಸುವಷ್ಟರಲ್ಲಿ ಅರ್ಧ ಬಂಧುಬಳಗದ ಪರಿಚಯ ಆಗಿರುತ್ತದೆ. ಈ ಸಮ್ಮೇಳನಗಳು ನಡೆಯುವುದೇ ಸ್ವಯಂಸೇವಕರಿಂದ. ನೋಂದಣಿ ಮೇಜಿನಲ್ಲಿ ಎರಡು ಗಂಟೆ ಕೂರುತ್ತೇನೆ ಅಂತ ಮೊದಲೇ ಬರೆದು ತಿಳಿಸಿ. ಬರುವ ಪ್ರತಿಯೊಬ್ಬರೂ ನಿಮ್ಮ ಮುಂದೆ ನಿಂತು ತಮ್ಮ ಹೆಸರು ತಾವೇ ಹೇಳುತ್ತಾರೆ. ಕೈಯಲ್ಲಿ ಕೆಲಸ ಇದ್ದರೆ ಮುಖದ ಬಿಗಿ ತಾನಾಗೇ ಸಡಿಲವಾಗುತ್ತದೆ.

ಹೋಗುವ ಮುಂಚೆ ಒಂದು ಮನೆಗೆಲಸ. ನಿಮಗೆ ತುಂಬ ಇಷ್ಟವಾದ, ಈಚೆಗೆ ಬಂದ ಐದಾರು ಫ್ಯಾಂಟಸಿ ಪುಸ್ತಕ ತೆಗೆದು ಕೊನೆಯ ಕೃತಜ್ಞತೆಯ ಪುಟ ಓದಿ. ಬರಹಗಾರರು ತಮ್ಮ ಏಜೆಂಟ್, ಎಡಿಟರ್ ಹೆಸರು ಹೇಳಿ ಧನ್ಯವಾದ ಹೇಳಿರುತ್ತಾರೆ. ಬರೆದುಕೊಳ್ಳಿ. ಅವರಲ್ಲಿ ಯಾರಾದರೂ ಸಿಕ್ಕರೆ "ಆ ಪುಸ್ತಕ ನನಗೆ ತುಂಬ ಇಷ್ಟ" ಅನ್ನುವುದಕ್ಕೆ ನಿಜವಾದ ಮಾತು ನಿಮ್ಮ ಹತ್ತಿರ ಇರುತ್ತದೆ. ಅವರು ಆ ಪುಸ್ತಕಕ್ಕೆ ವರ್ಷಗಟ್ಟಲೆ ದುಡಿದಿರುತ್ತಾರೆ. ಅದನ್ನು ಗುರುತಿಸಿ ಹೇಳುವವರು ಕಮ್ಮಿ.

ಹಸ್ತಪ್ರತಿ ಚೀಲದಲ್ಲಿ ಇಟ್ಟುಕೊಂಡು ಹೋಗಬೇಡಿ. ಅಲ್ಲಿ ಯಾರೂ ಅದನ್ನು ಇಸಕೊಳ್ಳಲ್ಲ. ಯಾವ ಪುಸ್ತಕವೂ ಬಾರ್‌ನಲ್ಲಿ ಮಾರಾಟವಾಗುವುದಿಲ್ಲ. ಆಮೇಲೆ, ಏಜೆಂಟ್ ತಮ್ಮ ಮೇಜಿನಲ್ಲಿ ಒಬ್ಬರೇ ಕೂತು ನಿಮ್ಮ ಮೊದಲ ಪುಟ ಓದಿದಾಗ ಆಗುವುದು ಆಗುತ್ತದೆ. "ಕಳಿಸಿ" ಅಂದರೆ ಎಷ್ಟು ಕಳಿಸಬೇಕು ಅಂತ ಕೇಳಿಕೊಳ್ಳಿ. ಮನೆಗೆ ಬಂದ ವಾರದಲ್ಲೇ ಅಷ್ಟನ್ನು ಮಾತ್ರ ಕಳಿಸಿ. ಎಲ್ಲಿ ಭೇಟಿಯಾದದ್ದು ಅಂತ ಮೇಲ್‌ನ ವಿಷಯದ ಸಾಲಿನಲ್ಲೇ ಹಾಕಿ. ಉತ್ತರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ಅವಮಾನ ಅಲ್ಲ, ಅವರ ರಾಶಿ ಅಷ್ಟು ದೊಡ್ಡದು. ಎಡಿಟರ್ ಯಾರಾದರೂ "ನಿಮ್ಮ ಏಜೆಂಟ್ ಮೂಲಕ ಕಳಿಸಿ" ಅಂದರೆ ಬೇಜಾರಾಗಬೇಡಿ. ದೊಡ್ಡ ಪ್ರಕಾಶನಗಳಲ್ಲಿ ಹೆಚ್ಚಿನ ಕಡೆ ಅದೇ ನಿಯಮ.

ಗೋಡೆ ಪಕ್ಕ ನಿಮ್ಮ ಹಾಗೆಯೇ ನಿಂತಿರುವ ಇನ್ನೂ ಹತ್ತು ಜನ ಇರುತ್ತಾರೆ. ಅವರನ್ನು ಮರೀಬೇಡಿ. "ನೀವೇನು ಬರೀತಿದ್ದೀರಿ?" ಅಂತ ನೀವೇ ಕೇಳಿ. ಯಾರಾದರೂ "ಏನಿಲ್ಲ" ಅಂದರೆ ನಮ್ಮೂರಿನವರ ಹಾಗೆ ಇನ್ನೊಂದು ಸಲ ಕೇಳಿ. ನನಗೆ ಇಷ್ಟು ವರ್ಷ ಜೊತೆಗೆ ಉಳಿದ ಗೆಳತಿಯರು ಸಿಕ್ಕಿದ್ದು ಆ ಗೋಡೆ ಪಕ್ಕವೇ.

ಕೊನೆಗೆ ಒಂದು ಮಾತು. ಆ ಕಾಫಿ ಸಾಲಿನ ಏಜೆಂಟ್ ಕೈ ತಪ್ಪಿಹೋದರು ಅಂತ ಯಾಕೆ ಅಂದುಕೊಂಡಿರಿ? ಅವರ ತಾಣ ತೆಗೆದು ನೋಡಿ, ಈಗ ಹೊಸಬರಿಂದ ಬರಹ ತಗೊಳ್ಳುತ್ತಿದ್ದಾರಾ ಅಂತ. ತಗೊಳ್ಳುತ್ತಿದ್ದರೆ ಅವರು ಕೇಳಿರುವ ರೀತಿಯಲ್ಲೇ ಎಲ್ಲ ಸಿದ್ಧ ಮಾಡಿ, ಪತ್ರದ ಮೊದಲ ಸಾಲುಗಳನ್ನು ಹೀಗೆ ಬರೆಯಿರಿ: "ಸಿಯಾಟಲ್ ವರ್ಲ್ಡ್‌ಕಾನ್‌ನಲ್ಲಿ ಕಾಫಿಗೆ ನಿಂತಿದ್ದಾಗ ನೀವೂ ಬರೀತೀರಾ ಅಂತ ನನ್ನನ್ನು ಕೇಳಿದ್ದಿರಿ. ನಾನು ಇಲ್ಲ ಅಂದೆ. ಬರೆಯುತ್ತೇನೆ. ನನ್ನ ಕಾದಂಬರಿ ಮುಗಿದಿದೆ." ಅದರ ಕೆಳಗೆ ಆ ಮುಳುಗಿದ ಊರಿನ ಎರಡು ಸಾಲು.

ಓಕ್ಲೆಂಡ್ ಟಿಕೆಟ್ ಆಮೇಲೆ ಮಾಡಿಸಿ. ಮೊದಲು ಈ ಮೇಲ್ ಹೋಗಲಿ. ಕಳಿಸಿದ ದಿನ ನನಗೂ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.

– ನಿಮ್ಮ ಅಕ್ಕ